ಮನೆಯ ವಿಳಾಸ, ಕಚೇರಿಯ ಕಡತ

ಸರ್ಕಾರಿ ಅಧಿಕಾರಿಯ ಹೆಸರು, ಹುದ್ದೆ, ತಿಂಗಳ ಸಂಬಳ ಯಾವುದೂ ಗುಟ್ಟಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಪ್ರತಿ ಕಚೇರಿಯೂ ಇವನ್ನು ತಾನಾಗಿಯೇ ಪ್ರಕಟಿಸಬೇಕು. ಆ ಪಟ್ಟಿಯಲ್ಲಿ ಮನೆಯ ವಿಳಾಸ ಮಾತ್ರ ಇಲ್ಲ. ಮರಳು ಲಾರಿ ಹಿಡಿದ ತಹಶೀಲ್ದಾರರ ಮೇಲಿನ ಸಿಟ್ಟು ಕಚೇರಿಗೆ ಬಂದರೆ ಅಲ್ಲಿ ಸಿಬ್ಬಂದಿ ಇರುತ್ತಾರೆ. ಮನೆಗೆ ಬಂದರೆ ಬಾಗಿಲು ತೆರೆಯುವುದು ಮಕ್ಕಳು.

ಈ ಅಂತರವನ್ನು ಕಾಯುತ್ತಿದ್ದದ್ದು ಕಾಯ್ದೆಯ 8(1)(ಜೆ). ಸಾರ್ವಜನಿಕ ಕೆಲಸಕ್ಕೆ ಸಂಬಂಧಪಡದ, ಖಾಸಗಿತನಕ್ಕೆ ವಿನಾಕಾರಣ ಧಕ್ಕೆ ತರುವ ವೈಯಕ್ತಿಕ ಮಾಹಿತಿಯನ್ನು ಕೊಡಬೇಕಿಲ್ಲ. ವಿಶಾಲ ಸಾರ್ವಜನಿಕ ಹಿತ ಇದ್ದರೆ ಕೊಡಬಹುದು. ಸಂಸತ್ತಿಗೆ ನಿರಾಕರಿಸಲಾಗದ ಮಾಹಿತಿಯನ್ನು ಪ್ರಜೆಗೂ ನಿರಾಕರಿಸುವಂತಿಲ್ಲ ಎಂಬ ಮಾತೂ ಅಲ್ಲಿತ್ತು.

2012ರಲ್ಲಿ ಗಿರೀಶ್ ರಾಮಚಂದ್ರ ದೇಶಪಾಂಡೆ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂತು. ಅಕೋಲಾದ ಅಧಿಕಾರಿಯೊಬ್ಬರಿಗೆ ಕೊಟ್ಟ ಮೆಮೊ, ಷೋಕಾಸ್ ನೋಟಿಸು, ಅವರ ಆಸ್ತಿ ವಿವರಗಳನ್ನು ಅರ್ಜಿದಾರರು ಕೇಳಿದ್ದರು. ನೌಕರನ ಕಾರ್ಯನಿರ್ವಹಣೆ ಅವನಿಗೂ ಮೇಲಧಿಕಾರಿಗಳಿಗೂ ಸಂಬಂಧಿಸಿದ ವಿಷಯ ಎಂದಿತು ಕೋರ್ಟು. ಮನೆಯ ಬಾಗಿಲಿಗಿದ್ದ ಪರದೆ ಹೀಗೆ ಕಚೇರಿಯ ಕಡತದ ಮೇಲೂ ಬಿತ್ತು. 2019ರಲ್ಲಿ ಸಂವಿಧಾನ ಪೀಠ ವೈಯಕ್ತಿಕ ಮಾಹಿತಿಯ ಪಟ್ಟಿ ಕೊಟ್ಟಾಗ ವಿಳಾಸ ಮತ್ತು ಶಿಸ್ತುಕ್ರಮ ಎರಡೂ ಅದರಲ್ಲಿದ್ದವು. ಆದರೆ ಸಾರ್ವಜನಿಕ ಹಿತವನ್ನು ತೂಗಿ ನೋಡಬೇಕೆಂದು ಪೀಠ ಒತ್ತಿ ಹೇಳಿತು.

ಈ ನಡುವೆ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು 9 ನ್ಯಾಯಮೂರ್ತಿಗಳ ಪೀಠ ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ಮೂಲಕ ಪ್ರಜೆಯ ವಿವರ ಸರ್ಕಾರದ ಕೈ ಸೇರುವುದನ್ನು ಅವರು ಪ್ರಶ್ನಿಸಿದ್ದರು.

ಅದೇ ಹಕ್ಕಿನ ಹೆಸರಿನಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು. ಅದು 8(1)(ಜೆ)ಯ ಷರತ್ತುಗಳನ್ನೆಲ್ಲ ತೆಗೆದು, 'ವೈಯಕ್ತಿಕ ಮಾಹಿತಿ' ಎಂಬಷ್ಟನ್ನೇ ಉಳಿಸಿತು. 2025ರ ನವೆಂಬರಿನಲ್ಲಿ ಈ ತಿದ್ದುಪಡಿ ಜಾರಿಗೂ ಬಂತು. ಸರ್ಕಾರದಿಂದ ಪ್ರಜೆಯನ್ನು ಕಾಯಲೆಂದು ಕೇಳಿದ ಹಕ್ಕು, ಪ್ರಜೆಯ ಪ್ರಶ್ನೆಯಿಂದ ಅಧಿಕಾರಿಯನ್ನು ಕಾಯುವ ಗುರಾಣಿಯೂ ಆಯಿತು.

ಹಿತವನ್ನು ತೂಗುವ 8(2) ಇನ್ನೂ ಉಳಿದಿದೆ. ಹಾನಿಗಿಂತ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ 'ಕೊಡಬಹುದು' ಎನ್ನುತ್ತದೆ ಅದು. ಅಧಿಕಾರಿಯ ಮನೆ ಎಲ್ಲಿದೆ ಎಂದು ಕೇಳುವವನಿಗೂ, ಅದೇ ಅಧಿಕಾರಿ ಲಂಚದ ವಿಚಾರಣೆ ಎದುರಿಸಿದ್ದರೇ ಎಂದು ಕೇಳುವವನಿಗೂ ಈಗ ಮೊದಲು ಸಿಗುವ ಉತ್ತರ ಒಂದೇ ಆಗಬಹುದು. ಮೊದಲನೆಯವನಿಗೆ ಆ ಉತ್ತರ ಸರಿ. ಎರಡನೆಯವನು ಕೇಳಿದ್ದು ಕಚೇರಿಯ ಲೆಕ್ಕ.