ಬೈಕ್ ಆಗುವ ರೋಬೋಟ್: ಕೊಳ್ಳುವ ಮುನ್ನ ನೋಡಬೇಕಾದ್ದು

ನಿಂತಾಗ ರೋಬೋಟ್, ಕೈಕಾಲು ಮಡಚಿದರೆ ಮೋಟರ್‌ಸೈಕಲ್. ಕಾಫಿ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಮಲೆನಾಡಿನಲ್ಲಿ ಜಾತ್ರೆಗಳೂ ಶುರುವಾಗುತ್ತವೆ, ಈ ಆಟಿಕೆಯ ಬೇಡಿಕೆಯೂ ಏಳುತ್ತದೆ. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯ ಗಾಜಿನ ಬೀರುವಿನಲ್ಲಿ ಸಾವಿರಾರು ರೂಪಾಯಿಯದ್ದು ಕೂತಿರುತ್ತದೆ. ಕಳಸ, ಹೊರನಾಡಿನ ದೇವಸ್ಥಾನದ ಬೀದಿಯಲ್ಲಿ ಅದರ ಬಡ ತಮ್ಮ ಪ್ಲಾಸ್ಟಿಕ್ ಕವರಿನೊಳಗೆ ನೇತಾಡುತ್ತಿರುತ್ತದೆ. ಎರಡನ್ನೂ ಅಳೆಯುವ ಕೋಲು ಒಂದೇ: ಬೈಕ್ ತನ್ನ ಕಾಲ ಮೇಲೆ ನಿಲ್ಲುತ್ತದೆಯೇ, ಕೀಲುಗಳು ನಮ್ಮ ಮಳೆಗಾಲ ದಾಟುತ್ತವೆಯೇ?

ಕಾರಿಗಿಂತ ಬೈಕ್ ಯಾಕೆ ಕಷ್ಟ

ಕಾರಾಗುವ ರೋಬೋಟ್ ಮಾಡುವವನಿಗೆ ಒಂದು ಅನುಕೂಲವಿದೆ. ಕಾರಿಗೆ ಮುಚ್ಚಳವಿದೆ. ಬಾನೆಟ್, ಬಾಗಿಲು, ಚಾವಣಿಯ ಅಗಲವಾದ ಹಲಗೆಗಳ ಒಳಗೆ ಕೈ, ಕಾಲು, ತಲೆ ಎಲ್ಲವನ್ನೂ ಮಡಚಿ ತುರುಕಿದರೆ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ಬೈಕಿಗೆ ಆ ಮರೆಯೇ ಇಲ್ಲ. ಎಂಜಿನ್, ಫೋರ್ಕ್, ಸೈಲೆನ್ಸರ್ ಎಲ್ಲ ಬಯಲಲ್ಲೇ ಇರುತ್ತವೆ. ಹಾಗಾಗಿ ರೋಬೋಟಿನ ತೊಡೆಯೇ ಎಂಜಿನ್ ಆಗಬೇಕು, ಮುಂಗೈಯೇ ಸೈಲೆನ್ಸರ್ ಆಗಬೇಕು. ಅದು ಕೂಡಿಬರದಿದ್ದರೆ ಸೀಟಿನ ಕೆಳಗೆ ಎರಡು ಮುಷ್ಟಿ ಇಣುಕುತ್ತವೆ. ಅಗ್ಗದ ಆಟಿಕೆಗಳಲ್ಲಿ ಇಣುಕುವುದೇ ಹೆಚ್ಚು.

ಎರಡನೆಯ ತಲೆನೋವು ಚಕ್ರ. ರೋಬೋಟ್ ಎದ್ದು ನಿಂತ ಮೇಲೆ ಅಷ್ಟು ದೊಡ್ಡ ಎರಡು ಗಾಲಿಗಳನ್ನು ಎಲ್ಲಿಡುವುದು? ಬೆನ್ನಿಗೆ ಹೊರಿಸಿದರೆ ಗೊಂಬೆ ಹಿಂದಕ್ಕೆ ಮಗುಚುತ್ತದೆ. ಪಾದಕ್ಕೆ ಕಟ್ಟಿದರೆ ಜಾರುತ್ತದೆ. ಗಾಲಿಯನ್ನೇ ಎರಡು ಹೋಳು ಮಾಡಿ ಎರಡು ಕಾಲಿಗೆ ಹಂಚಿದರೆ ನೋಡಲು ಚೆಂದ, ಆದರೆ ಬೈಕ್ ಆದಾಗ ಹೋಳುಗಳು ಸರಿಯಾಗಿ ಕೂಡದೆ ಗಾಲಿ ತೊಡರುತ್ತದೆ. 2009ರ ‘ಟ್ರಾನ್ಸ್‌ಫಾರ್ಮರ್ಸ್’ ಸಿನಿಮಾದಲ್ಲಿ ಆರ್ಸಿ ಎಂಬ ಬೈಕ್ ರೋಬೋಟಿಗೆ ಕಾಲೇ ಇಲ್ಲ, ಒಂಟಿ ಚಕ್ರದ ಮೇಲೆ ಓಡಾಡುತ್ತದೆ. ಪರದೆಯ ಮೇಲೆ ಅದು ಸರಿ. ಮೇಜಿನ ಮೇಲೆ ಒಂಟಿ ಚಕ್ರದ ಗೊಂಬೆಗೆ ಊರುಗೋಲು ಬೇಕೇ ಬೇಕು. 2010ರಲ್ಲಿ ಶುರುವಾದ ‘ಟ್ರಾನ್ಸ್‌ಫಾರ್ಮರ್ಸ್: ಪ್ರೈಮ್’ ಧಾರಾವಾಹಿಯ ನೀಲಿ ಆರ್ಸಿಗೆ ಎರಡು ಕಾಲು ಕೊಟ್ಟರು, ಆಟಿಕೆಯ ದೃಷ್ಟಿಯಿಂದ ಅದೇ ಜಾಣತನ.

ಎಸ್ಟೇಟ್ ರಸ್ತೆಯ ಮಕ್ಕಳಿಗೆ ಇದರಲ್ಲಿ ಮೋಸ ಮಾಡುವುದೂ ಸುಲಭವಲ್ಲ. ಬೈಕಿನ ಯಾವ ಭಾಗ ಎಲ್ಲಿರಬೇಕೆಂದು ಅವಕ್ಕೆ ಗೊತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿದರೂ ಅದರ ಯೆಜ್ಡಿಯನ್ನು ಜೋಪಾನವಾಗಿ ಇಟ್ಟುಕೊಂಡವರು ಇನ್ನೂ ಇದ್ದಾರೆ. ಆ ಗಾಡಿಯ ಕಿಕ್ಕರ್ ನೋಡಿ: ಮೇಲಕ್ಕೆತ್ತಿ ಒದ್ದರೆ ಎಂಜಿನ್ ಶುರು, ಮುಂದಕ್ಕೆ ಮಲಗಿಸಿದರೆ ಅದೇ ಗೇರ್ ಲಿವರ್. ಒಂದೇ ಕೀಲು, ಎರಡು ಕೆಲಸ. ಒಳ್ಳೆಯ ಬೈಕ್ ರೋಬೋಟಿನಿಂದ ನಾವು ಕೇಳುವುದೂ ಇಷ್ಟನ್ನೇ.

ಆರುನೂರು ಯೆನ್‌ನ ಮೂಲಪುರುಷ

ಈ ಜಾತಿಯ ಹಳೆಯ ಹೆಸರು ಜಪಾನಿನ ಬಂದಾಯ್ ಕಂಪನಿಯ ‘ಬೈಕ್ ರೋಬೋ’. 1982ರಲ್ಲಿ ಬಂದ ‘ಮೆಷೀನ್ ರೋಬೋ’ ಸರಣಿಯ ಮೊದಲ ನಂಬರ್ ಅದೇ. ಬೆಲೆ 600 ಯೆನ್. ಅದರಿಂದಾಗಿಯೇ ಆ ಸಾಲಿಗೆ ‘600 ಸರಣಿ’ ಎಂದು ಹೆಸರು. ಅಮೆರಿಕದ ಟೋಂಕಾ ಕಂಪನಿ ಇದನ್ನು ‘ಗೋಬಾಟ್ಸ್’ ಎಂದು ಮಾರಿತು, ಬೈಕ್ ರೋಬೋ ಅಲ್ಲಿ ಸೈ-ಕಿಲ್ ಎಂಬ ಖಳನಾಯಕನಾದ. 1984ರಲ್ಲಿ ಹ್ಯಾಸ್‌ಬ್ರೋ ಕಂಪನಿ ಜಪಾನಿನ ಟಕಾರಾದ ಆಟಿಕೆಗಳನ್ನು ‘ಟ್ರಾನ್ಸ್‌ಫಾರ್ಮರ್ಸ್’ ಹೆಸರಿನಲ್ಲಿ ತಂದಿತು. 1986ರಲ್ಲಿ ಆ ಬಳಗಕ್ಕೆ ಗುಜರಿ ಗ್ರಹದ ರೆಕ್-ಗಾರ್ ಎಂಬ ಬೈಕ್ ಸೇರಿತು. 1991ರಲ್ಲಿ ಹ್ಯಾಸ್‌ಬ್ರೋ ಟೋಂಕಾವನ್ನೇ ಕೊಂಡುಕೊಂಡಿತು. 1983ರ ಜಪಾನೀ ಧಾರಾವಾಹಿ ‘ಮೊಸ್ಪೀಡಾ’ದ ದಾರಿ ಬೇರೆ: ಅಲ್ಲಿ ಬೈಕ್ ಬಿಚ್ಚಿಕೊಂಡು ಸವಾರನ ಮೈಗೆ ಕವಚವಾಗುತ್ತದೆ.

ಬೈಕ್ ರೋಬೋ ಅಂಗೈಯಷ್ಟೇ ದೊಡ್ಡದು, ಮಡಿಕೆಗಳೂ ಕೆಲವೇ. ಈಗಿನ ಸಂಗ್ರಾಹಕರ ಆಟಿಕೆಗಳಲ್ಲಿ ಇಪ್ಪತ್ತು ಮೂವತ್ತು ಹಂತಗಳಿರುತ್ತವೆ, ಜೊತೆಗೆ ಚಿತ್ರದ ಹಾಳೆ ಬಿಚ್ಚಿಟ್ಟುಕೊಂಡು ಕೂರಬೇಕು. ಹಂತ ಹೆಚ್ಚಿದಷ್ಟೂ ಆಟಿಕೆ ಶ್ರೇಷ್ಠ ಎಂಬ ಮಾತು ಬೀರುವಿನಲ್ಲಿ ಇಡುವವರದ್ದು. ಆಡುವ ಮಗುವಿಗೆ ಹತ್ತರ ಒಳಗಿದ್ದರೆ ಸಾಕು.

ಅಂಗಡಿಯಲ್ಲೇ ಮಾಡುವ ಪರೀಕ್ಷೆ

ಮೊದಲು ಬೈಕ್ ಮಾಡಿ ಗಾಜಿನ ಮೇಲಿಡಿ. ಸೈಡ್ ಸ್ಟ್ಯಾಂಡ್ ಮೇಲೆ ವಾಲಿ ನಿಂತರೆ ಅರ್ಧ ಗೆದ್ದಂತೆ. ಎಷ್ಟೋ ಆಟಿಕೆಗಳು ಪಾರದರ್ಶಕ ಪ್ಲಾಸ್ಟಿಕ್ಕಿನ ಪ್ರತ್ಯೇಕ ಆಧಾರದ ಮೇಲೆ ನಿಲ್ಲುತ್ತವೆ. ಆ ತುಂಡು ಮನೆ ಸೇರಿದ ವಾರದಲ್ಲಿ ಮಂಚದಡಿ ಮಾಯ. ನಂತರ ಮೆಲ್ಲಗೆ ತಳ್ಳಿ. ಎರಡೂ ಗಾಲಿ ಉರುಳಬೇಕು, ಹೊಟ್ಟೆಯಡಿ ಯಾವುದೂ ಉಜ್ಜಬಾರದು. ಮುಂದಿನಿಂದ ನೋಡಿ: ಬೈಕ್ ಎಂದರೆ ಸಪೂರ. ಮುಂದಿನಿಂದ ಆಟೋರಿಕ್ಷಾದಷ್ಟು ಅಗಲ ಕಂಡರೆ ಮಡಿಕೆಯ ಲೆಕ್ಕ ತಪ್ಪಿದೆ ಎಂದೇ ಅರ್ಥ.

ಆಮೇಲೆ ರೋಬೋಟ್. ಒಂದು ಕೈ ಮುಂದೆ ಚಾಚಿ ಬಿಡಿ. ಕೈ ತಾನಾಗಿ ಇಳಿದರೆ ಭುಜ ಸಡಿಲ. ಸೊಂಟದ ಕೀಲು ಇದಕ್ಕಿಂತ ಮುಖ್ಯ, ಬೆನ್ನಿನ ಗಾಲಿಯ ಭಾರವನ್ನೆಲ್ಲ ಹೊರುವುದು ಅದೇ. ತಿರುಗಿಸಿದಾಗ ಟಿಕ್ ಟಿಕ್ ಎನ್ನುವ ಹಲ್ಲಿನ ಕೀಲು ಭಾರಕ್ಕೆ ಒಳ್ಳೆಯದು. ಗುಂಡಿನ ಕೀಲು ಬೇಗ ಸಡಿಲವಾಗುತ್ತದೆ, ಆದರೆ ಮಗು ಎಳೆದರೆ ಮುರಿಯದೆ ಕಳಚಿಕೊಳ್ಳುತ್ತದೆ, ಒತ್ತಿದರೆ ಮತ್ತೆ ಕೂರುತ್ತದೆ. ಸಣ್ಣ ಮಕ್ಕಳಿಗೆ ನಾನು ಅದನ್ನೇ ಆರಿಸುತ್ತೇನೆ. ಮಡಿಕೆಯ ಜಾಗದಲ್ಲಿ ಬಣ್ಣದ ಪ್ಲಾಸ್ಟಿಕ್ ಬೆಳ್ಳಗೆ ಬಿಳಿಚಿಕೊಂಡಿದೆಯೇ ನೋಡಿ. ಬಿಳಿಚಿದ ಗೆರೆ ಎಂದರೆ ಅಲ್ಲಿ ಆಗಲೇ ಒತ್ತಡ ಬಿದ್ದಿದೆ, ಮುರಿಯುವುದೂ ಅಲ್ಲೇ.

ಇಷ್ಟಾದ ಮೇಲೆ ಆಟಿಕೆಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನಿರಿ. ಅಂಗಡಿಯವನಿಗೆ ಬೇಸರವಾದೀತು, ಆಗಲಿ.

ಮಲೆನಾಡಿನ ಮಳೆ

ಆಟಿಕೆ ಅಳೆಯುವವರು ಸಾಮಾನ್ಯವಾಗಿ ಬಿಡುವ ವಿಷಯವಿದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂಡಿಗೆರೆ, ಕಳಸದ ಕಡೆ ಬಟ್ಟೆಯೇ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಮಡಚುವ ರೋಬೋಟಿನ ಮುಖ್ಯ ಕೀಲುಗಳಲ್ಲಿ ಸಣ್ಣ ಉಕ್ಕಿನ ಪಿನ್ ಇರುತ್ತದೆ, ಬೆನ್ನಲ್ಲಿ ಸ್ಕ್ರೂ ಇರುತ್ತದೆ. ಕಳಪೆ ಉಕ್ಕಾದರೆ ಒಂದೇ ಮಳೆಗಾಲಕ್ಕೆ ತುಕ್ಕು. ತುಕ್ಕು ಹಿಡಿದ ಪಿನ್ ಬಿಗಿಯುತ್ತದೆ. ಮಗು ಬಲ ಹಾಕಿದಾಗ ಪಿನ್ ತಿರುಗದೆ ಅದನ್ನು ಹಿಡಿದ ಪ್ಲಾಸ್ಟಿಕ್ ಕಿವಿ ಸೀಳುತ್ತದೆ. ಸ್ಕ್ರೂ ತಲೆ ಈಗಾಗಲೇ ಕಂದಿದ್ದರೆ ಆ ಪೆಟ್ಟಿಗೆ ಎಷ್ಟು ಮಳೆಗಾಲದಿಂದ ಅಂಗಡಿಯಲ್ಲಿದೆ ಎಂದು ಕೇಳಿ.

ಹೊಳೆಯುವ ಸ್ಟಿಕ್ಕರ್ ತೇವಕ್ಕೆ ಅಂಚು ಎಬ್ಬಿಸುತ್ತದೆ, ಅಚ್ಚು ಹಾಕಿದ ಬಣ್ಣ ನಿಲ್ಲುತ್ತದೆ. ದೀಪ, ಸದ್ದು ಇರುವ ಆಟಿಕೆಯ ಬ್ಯಾಟರಿಯನ್ನು ಮಳೆ ಹಿಡಿಯುವ ಮೊದಲೇ ತೆಗೆದಿಡಬೇಕು. ಮೆತ್ತನೆಯ ಪಿವಿಸಿ ಟೈರಿನಿಂದ ಎಣ್ಣೆಯಂಥ ಪದಾರ್ಥ ಸೋರಿ, ತಾಗಿದ ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುವುದೂ ಉಂಟು. ವರ್ಷಗಟ್ಟಲೆ ಒಂದೇ ಭಂಗಿಯಲ್ಲಿ ಇಟ್ಟವರು ಟೈರ್ ಅಂಟಿಕೊಂಡಿದೆ ಎನ್ನುವುದು ಇದಕ್ಕೇ.

ಕೀಲು ಬಿಗಿಯಾದರೆ ನಮ್ಮ ಮನೆಗಳಲ್ಲಿ ಕೈ ಹೋಗುವುದು ಕೊಬ್ಬರಿ ಎಣ್ಣೆಗೆ. ಬೇಡ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಚಿಕ್ಕಮಗಳೂರಿನ ಚಳಿಗಾಲಕ್ಕೆ ಅಷ್ಟು ಸಾಕು. ಆಮೇಲೆ ಜಿಗುಟಾಗಿ ಧೂಳು ಹಿಡಿಯುತ್ತದೆ. ಪೆಟ್ರೋಲ್ ಕೂಡ ಬೇಡ, ಅದು ಪ್ಲಾಸ್ಟಿಕ್ಕನ್ನೇ ಬಿರುಕು ಬಿಡಿಸುತ್ತದೆ. ಸಿಲಿಕೋನ್ ಎಣ್ಣೆ ಒಂದು ಹನಿ ಸಾಕು. ಬೀರುವಿನಲ್ಲಿ ಇಡುವಾಗ ಹೊಸ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಪೊಟ್ಟಣ ಜೊತೆಗಿಡಿ. ಪೊಟ್ಟಣ ಮಗುವಿನ ಕೈಗೆ ಸಿಗಬಾರದು.

ಐಎಸ್‌ಐ ಗುರುತು

2020ರ ಆಟಿಕೆ ಗುಣಮಟ್ಟ ನಿಯಂತ್ರಣ ಆದೇಶ 2021ರ ಜನವರಿ 1ರಿಂದ ಜಾರಿಯಲ್ಲಿದೆ. ಅದರಂತೆ 14 ವರ್ಷದೊಳಗಿನ ಮಕ್ಕಳಿಗಾಗಿ ಮಾರುವ ಆಟಿಕೆ ಇಲ್ಲಿಯದಾಗಲಿ ವಿದೇಶದ್ದಾಗಲಿ ಐಎಸ್‌ಐ ಗುರುತು ಹೊತ್ತಿರಬೇಕು. ಬ್ಯಾಟರಿ ಇಲ್ಲದ್ದಕ್ಕೆ ಐಎಸ್ 9873, ವಿದ್ಯುತ್ ಇರುವುದಕ್ಕೆ ಐಎಸ್ 15644 ಮಾನದಂಡ. ಚನ್ನಪಟ್ಟಣದ ಗೊಂಬೆಯಂಥ, ಭೌಗೋಳಿಕ ಸೂಚಕ ಪಡೆದ ಕರಕುಶಲ ಆಟಿಕೆಗಳಿಗೆ ವಿನಾಯಿತಿಯಿದೆ. ಪ್ಲಾಸ್ಟಿಕ್ ರೋಬೋಟಿಗೆ ಇಲ್ಲ.

ಮೂರು ವರ್ಷದೊಳಗಿನ ಮಕ್ಕಳ ಆಟಿಕೆಗೆ ಸಣ್ಣ ತುಂಡಿನ ಪರೀಕ್ಷೆಯಿದೆ. 31.7 ಮಿ.ಮೀ. ಒಳ ಅಗಲದ ಕೊಳವೆಯೊಳಗೆ ಪೂರ್ತಿ ಹಿಡಿಯುವ ಬಿಡಿ ತುಂಡು ಇದ್ದರೆ ಅದು ಗಂಟಲಿಗೆ ಅಪಾಯ. ಹತ್ತು ರೂಪಾಯಿ ನಾಣ್ಯದ ಅಗಲ 27 ಮಿ.ಮೀ., ಅದೂ ಈ ಕೊಳವೆಗೆ ಬೀಳುತ್ತದೆ. ಬೈಕ್ ರೋಬೋಟಿನ ಕನ್ನಡಿ, ಬಂದೂಕು, ಬಿಚ್ಚಿಬರುವ ಮುಷ್ಟಿ ಎಲ್ಲ ಇದಕ್ಕಿಂತ ಸಣ್ಣವು.

ಬೆಲೆ, ನಕಲು

ವಿದೇಶಿ ಆಟಿಕೆಯ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. ಅಸಲಿಯ ಬೆಲೆ ಏರಲು ಅದೂ ಒಂದು ಕಾರಣ. ಜಾತ್ರೆಯ ನಕಲುಗಳೆಲ್ಲ ಕೆಟ್ಟವೇನಲ್ಲ. ಮಡಿಕೆ ಕಡಿಮೆಯಿರುವ, ದಪ್ಪ ಪ್ಲಾಸ್ಟಿಕ್ಕಿನವು ಅಸಲಿಗಿಂತ ಹೆಚ್ಚು ಪೆಟ್ಟು ತಿನ್ನುತ್ತವೆ. ಅಪಾಯದ್ದು ನಡುವಿನ ಜಾತಿ: ಅಸಲಿಯ ಮೂವತ್ತು ಮಡಿಕೆಯನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ನಕಲು ಮಾಡಿದ್ದು. ಅದನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ತರಬೇಡಿ. ಪೆಟ್ಟಿಗೆಯ ಮೇಲೆ ಐಎಸ್‌ಐ ಗುರುತಿನ ಕೆಳಗೆ ‘ಸಿಎಂ/ಎಲ್’ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇರುತ್ತದೆ. ದುಡ್ಡು ಕೊಡುವ ಮೊದಲು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ಹಾಕಿ ನೋಡಿ. ಮನೆಯಲ್ಲಿ ಮೂರು ತುಂಬದ ಕೂಸಿದ್ದರೆ, ಅಣ್ಣನಿಗೆಂದು ತಂದ ರೋಬೋಟಿನ ಬಂದೂಕು, ಕನ್ನಡಿಗಳನ್ನು ಮೊದಲ ದಿನವೇ ತೆಗೆದು ಎತ್ತರದಲ್ಲಿಡಿ.