ಕುಂದಗೋಳದ ಸುಭದ್ರೆ



ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯಲ್ಲಿ ಮಾತನಾಡುತ್ತ, "ಸರ್, ಧಾರಾವಾಹಿಗಳಲ್ಲಿ ನಟಿಸುವವರು, ಹಾಡುವವರು ಎಲ್ಲರೂ ಆ ಕಡೆಯವರೇ. ನಮ್ಮ ಕುಂದಗೋಳ ಸೀಮೆಯವರು ಒಬ್ಬರೂ ಇಲ್ಲವಲ್ಲ" ಎಂದು ಬೇಸರಪಟ್ಟುಕೊಂಡಳು. ನನಗೆ ನಗು ಬಂದಿತು. ಟೆಲಿವಿಷನ್ ಎಂಬ ಶಬ್ದವೇ ನಮ್ಮ ಜನಕ್ಕೆ ತಿಳಿಯದಿದ್ದ ಕಾಲದಲ್ಲಿ, ಸ್ತ್ರೀಪಾತ್ರ ಮಾಡಿ, ಹಾಡಿ, ಊರೂರಿನ ಪ್ರೇಕ್ಷಕರ ಮನಸ್ಸು ಗೆದ್ದ ನಟ-ಗಾಯಕ ಇದೇ ಕುಂದಗೋಳದವನು. ಆ ಹುಡುಗಿ ಓದಿದ ಶಾಲೆಯಿಂದ ಅವನ ನೆನಪಿನ ವಾಡೆಗೆ ನಡೆದೇ ಹೋಗಬಹುದು. ಇತಿಹಾಸ ಕಲಿಸಿದ ನಾನು ಪಾಣಿಪತ್ತಿನ ಮೂರು ಯುದ್ಧಗಳನ್ನು ಬಾಯಿಪಾಠ ಮಾಡಿಸಿದೆ. ಓಣಿಯ ಇತಿಹಾಸವನ್ನು ಹೇಳಲೇ ಇಲ್ಲ. ಆ ಸಾಲವನ್ನು ಇಂದು ತೀರಿಸುತ್ತಿದ್ದೇನೆ.

ರಾಮಚಂದ್ರ ಗಣೇಶ ಸಂಶಿ ಹುಟ್ಟಿದ್ದು 1886ರ ಜನವರಿ 19ರಂದು. ಮನೆಯವರಿಗೆ ರಾಮಭಾವು, ಜಗತ್ತಿಗೆ ಮುಂದೆ ಸವಾಯಿ ಗಂಧರ್ವ. ಆಗಿನ ಕುಂದಗೋಳವು ಪಟವರ್ಧನ ಮನೆತನದ ಜಮಖಂಡಿ ಸಂಸ್ಥಾನಕ್ಕೆ ಸೇರಿತ್ತು. ಹತ್ತಿ, ಮೆಣಸಿನಕಾಯಿ, ಜೋಳದ ಎರೆಭೂಮಿಯ ನಡುವೆ ಶಂಭುಲಿಂಗನ ಪುರಾತನ ಗುಡಿ, ಅತ್ತ ನಾಡಿಗೇರ ಮನೆತನದ ದೊಡ್ಡ ವಾಡೆ. ತಂದೆ ಗಣೇಶರಾಯರು ಆ ನಾಡಿಗೇರರಲ್ಲಿಯೇ ಕಾರಕೂನಿಕೆ ಮಾಡಿಕೊಂಡಿದ್ದರು.

ಮಗನು ಓದಲು ಹೋಗುತ್ತಿದ್ದುದು ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಗೆ, ಅದೂ ದಿನಾಲೂ ರೈಲಿನಲ್ಲಿ. ಪಾಠಕ್ಕಿಂತ ಪದ್ಯ, ಪದ್ಯಕ್ಕಿಂತ ಅದರ ಧಾಟಿ ಅವನಿಗೆ ಬೇಗ ಹತ್ತುತ್ತಿತ್ತು. ತಂದೆ ಇದನ್ನು ಕಂಡು ಮಗನನ್ನು ಶಾಲೆ ಬಿಡಿಸಿ, ಬಳವಂತರಾವ್ ಕೊಲ್ಹಟಕರರಲ್ಲಿ ಸಂಗೀತಕ್ಕೆ ಹಚ್ಚಿದರು. 1898ರಲ್ಲಿ ಕೊಲ್ಹಟಕರರು ತೀರಿಕೊಳ್ಳುವಷ್ಟರಲ್ಲಿ ಹುಡುಗನ ಬಳಿ ಧ್ರುಪದ, ತರಾನಾಗಳ ಒಂದು ಗಂಟು ಸೇರಿತ್ತು. ಒಬ್ಬ ಕಾರಕೂನನು ಆ ಕಾಲದಲ್ಲಿ ಮಗನ ಶಾಲೆ ಬಿಡಿಸಿ ಹಾಡಲು ಕಳಿಸಿದನೆಂಬುದನ್ನು ನೀವು ಗಮನಿಸಬೇಕು. ಈ ಮಾತಿಗೆ ಕೊನೆಯಲ್ಲಿ ಮರಳಿ ಬರುತ್ತೇನೆ.

ಮೈಸೂರು ಆಸ್ಥಾನಕ್ಕೆ ಹೋಗಿಬರುವ ದಾರಿಯಲ್ಲಿ ಕಿರಾಣಾ ಘರಾನೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನಾಡಿಗೇರ ವಾಡೆಯಲ್ಲಿ ಇಳಿದುಕೊಳ್ಳುತ್ತಿದ್ದರು. ಉತ್ತರ ಪ್ರದೇಶದ ಒಂದು ಸಣ್ಣ ಊರಿನ ಗಾಯನ ಪರಂಪರೆ ನಮ್ಮ ಎರೆಮಣ್ಣಿನಲ್ಲಿ ಬೇರು ಬಿಟ್ಟದ್ದು ಹೀಗೆ, ಒಂದು ಮನೆಯ ಅತಿಥಿಸತ್ಕಾರದಿಂದ. ಖಾನರು ಹುಡುಗನ ದನಿಯನ್ನು ಮೆಚ್ಚಿ, ಎಂಟು ವರ್ಷ ತಮ್ಮಲ್ಲಿಯೇ ಇರಬೇಕೆಂಬ ಕರಾರಿನ ಮೇಲೆ ಶಿಷ್ಯನನ್ನಾಗಿ ಸ್ವೀಕರಿಸಿದರು. ಆದರೆ ಪ್ರಾಯ ಬಂದಂತೆ ರಾಮಭಾವುಗಳ ಕಂಠ ಒಡೆಯಿತು. ಬಾಲ್ಯದ ಮಾಧುರ್ಯ ಹೋಗಿ ಗೊಗ್ಗರತನ ಬಂದಿತು. ಬೇರೆಯವರಾಗಿದ್ದರೆ ತಂಬೂರಿಯನ್ನು ಗೂಟಕ್ಕೆ ತೂಗುಹಾಕುತ್ತಿದ್ದರು. ಇವರು ಸಾಧನೆಯಿಂದಲೇ ಆ ಕಂಠವನ್ನು ಪಳಗಿಸಿದರು. ಕೊನೆಯವರೆಗೂ ಅವರ ಕಚೇರಿಯ ಮೊದಲ ಹೊತ್ತು ದನಿ ಕಾಯುವುದರಲ್ಲಿಯೇ ಕಳೆಯುತ್ತಿತ್ತಂತೆ. ಕಾದ ಮೇಲೆ ಮಾತ್ರ ಬೇರೆಯೇ ಲೋಕ.

ಮುಂದೆ ಅವರು ಗುರುವಿನ ಇಚ್ಛೆಗೆ ವಿರುದ್ಧವಾಗಿ ನಾಟಕ ಕಂಪನಿ ಸೇರಿದರು. ಇಂದಿನ ಓದುಗರಿಗೆ ಮರಾಠಿ ಸಂಗೀತ ನಾಟಕವೆಂದರೆ ಏನೆಂದು ಹೇಳಬೇಕು. ಅದಕ್ಕೆ ಭದ್ರ ಬುನಾದಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ 'ಸೌಭದ್ರ' ರಂಗಕ್ಕೆ ಬಂದದ್ದು 1882ರಲ್ಲಿ. ಆಗ ಗಂಡಸರೇ ಸ್ತ್ರೀಪಾತ್ರ ವಹಿಸುತ್ತಿದ್ದರು. ಆಟ ರಾತ್ರಿಯೆಲ್ಲ ನಡೆಯುವುದು. ಒಂದೊಂದು ಪದಕ್ಕೂ 'ಒನ್ಸ್ ಮೋರ್' ಬೀಳುವುದು. ರಂಗದ ಮೇಲಿನ ನಾಯಿಕೆ ಉಟ್ಟ ಸೀರೆಯ ರೀತಿಯನ್ನು ಮರುದಿನ ಮನೆಯ ಹೆಣ್ಣುಮಕ್ಕಳು ಅನುಕರಿಸುವರು. ಇಂದು ಸಂಜೆಯ ಧಾರಾವಾಹಿ ಮಾಡುವ ಕೆಲಸವನ್ನು ಅಂದು ಕಂಪನಿ ನಾಟಕ ಮಾಡುತ್ತಿತ್ತು. ವ್ಯತ್ಯಾಸವಿಷ್ಟೇ: ಅಲ್ಲಿ ತುಟಿ ಅಲುಗಿಸಿದರೆ ಸಾಲದು, ಮೈಕು ಇಲ್ಲದೆ ಕೊನೆಯ ಸಾಲಿನವರೆಗೆ ಸ್ವತಃ ಹಾಡಬೇಕು.

ಆ ರಂಗದಲ್ಲಿ ಕುಂದಗೋಳದ ಈ ಕನ್ನಡಿಗ ಸುಭದ್ರೆಯಾಗಿ ನಿಂತನು. ಆಗ ಬಾಲಗಂಧರ್ವರ ಕೀರ್ತಿ ಉಚ್ಛ್ರಾಯದಲ್ಲಿದ್ದ ಕಾಲ. ಅಮರಾವತಿಯಲ್ಲಿ ರಾಮಭಾವುಗಳನ್ನು ಕೇಳಿದ ದಾದಾಸಾಹೇಬ ಖಾಪರ್ಡೆಯವರು ಇವರು ಗಂಧರ್ವರಿಗೂ ಕಾಲುಪಾಲು ಮಿಗಿಲೆಂದು ಮೆಚ್ಚಿ 'ಸವಾಯಿ ಗಂಧರ್ವ' ಎಂದು ಕರೆದರೆಂದು ಪ್ರತೀತಿ. ಸವಾಯಿ ಎಂದರೆ ಒಂದೂಕಾಲು. ನಮ್ಮ ಹಿರಿಯರು ಮಗ್ಗಿಯಲ್ಲಿ ಕಲಿಯುತ್ತಿದ್ದ ಲೆಕ್ಕ, ಬಿರುದಾಗಿ ನಿಂತುಬಿಟ್ಟಿತು.

ರಂಗದ ದೀಪ ಹೆಚ್ಚು ಕಾಲ ಒಬ್ಬರ ಮೇಲೆ ನಿಲ್ಲುವುದಿಲ್ಲ. ಕಂಪನಿಗಳ ವೈಭವ ಇಳಿಯಿತು, ಬೋಲಪಟ ಬಂದಿತು. ಅವರು ಬಣ್ಣ ಕಳಚಿ ಕಚೇರಿಯ ಗಾಯಕರಾದರು, ನಂತರ ಗುರುವಾದರು. ನನ್ನ ದೃಷ್ಟಿಯಲ್ಲಿ ಅವರ ಜೀವನದ ಅತ್ಯಂತ ದೊಡ್ಡ ಪಾತ್ರ ಇದೇ.

ರೋಣದಲ್ಲಿ 1922ರಲ್ಲಿ ಹುಟ್ಟಿದ ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಮನೆ ಬಿಟ್ಟು, ಗುರುವನ್ನರಸಿ ಉತ್ತರದ ಊರುಗಳನ್ನೆಲ್ಲ ಸುತ್ತಿ, ಕೊನೆಗೆ ಬಂದು ನಿಂತದ್ದು ಕುಂದಗೋಳದಲ್ಲಿ. ಅಲ್ಲಿ ಗುರುವಿನ ಮನೆಗೆ ನೀರು ಹೊತ್ತರು. ಇದೇ ತಾಲ್ಲೂಕಿನ ಯಲಿವಾಳದ ಬಸವರಾಜ ರಾಜಗುರು ಅವರೂ ಈ ಗುರುವಿನಿಂದ ವಿದ್ಯೆ ಪಡೆದರು. ಮುಂಬಯಿಯಲ್ಲಿ ಬೋಲಪಟದ ಬಾಲನಟನಾಗಿ ಹೆಸರಾದ ಫಿರೋಜ್ ದಸ್ತೂರರೂ ಶಿಷ್ಯರಾದರು. ಹುಬ್ಬಳ್ಳಿಯಿಂದ ಗಂಗೂಬಾಯಿ ಹಾನಗಲ್ಲರು ರೈಲಿನಲ್ಲಿ ಬಂದು, ಪಾಠ ಮುಗಿಸಿ, ಕತ್ತಲಾದ ಮೇಲೆ ಮತ್ತೆ ರೈಲಿಗೆ ಹೋಗುತ್ತಿದ್ದರು. ಬಾಲಕ ರಾಮಭಾವು ಶಾಲೆಗೆ ಹೋದ ಹಳಿಯ ಮೇಲೆಯೇ, ಎದುರು ದಿಕ್ಕಿನಲ್ಲಿ ಒಬ್ಬ ಶಿಷ್ಯೆ ಬಂದಳು!

ಗುರು ಹೆಚ್ಚು ರಾಗಗಳನ್ನು ಹೇಳಿಕೊಡುತ್ತಿರಲಿಲ್ಲ. ಒಂದೇ ಸ್ವರಪುಂಜವನ್ನು ದಿನಗಟ್ಟಲೆ ತಿದ್ದಿಸುತ್ತಿದ್ದರು. ಜಿಪುಣನು ಹಣ ಖರ್ಚು ಮಾಡುವಂತೆ ಸ್ವರವನ್ನು ಬಳಸಬೇಕೆಂದು ಅವರು ಹೇಳುತ್ತಿದ್ದುದನ್ನು ಗಂಗೂಬಾಯಿಯವರು ಕೊನೆಯವರೆಗೂ ನೆನೆಯುತ್ತಿದ್ದರು. ಆ ತಾಯಿಯ ದನಿ ಗಂಟಲಿನ ಚಿಕಿತ್ಸೆಯ ನಂತರ ಗಂಡುದನಿಯಂತೆ ಗಡುಸಾಯಿತೆಂಬುದು ನಿಮಗೆಲ್ಲ ತಿಳಿದದ್ದೇ. ಹೆಣ್ಣಿನ ವೇಷದಲ್ಲಿ ಹಾಡಿ ಹೆಸರಾದ ಗುರು, ಗಂಡಿನ ದನಿಯಲ್ಲಿ ಹಾಡಿ ಹೆಸರಾದ ಶಿಷ್ಯೆ! ಕಂಠ ಒಡೆದರೂ ಸಂಗೀತ ಒಡೆಯಬೇಕಿಲ್ಲವೆಂದು ತನ್ನ ಅನುಭವದಿಂದಲೇ ಬಲ್ಲ ಗುರು ಅವರಿಗೆ ದೊರೆತದ್ದು ನಮ್ಮೆಲ್ಲರ ಪುಣ್ಯ.

1940ರ ದಶಕದ ಆರಂಭದಲ್ಲಿ ಪಾರ್ಶ್ವವಾಯು ಬಡಿದು ಅವರ ಹಾಡುಗಾರಿಕೆ ನಿಂತಿತು. 1946ರಲ್ಲಿ ಪುಣೆಯಲ್ಲಿ ನಡೆದ ಷಷ್ಟ್ಯಬ್ದಿ ಸಮಾರಂಭದಲ್ಲಿ ಗುರುವಿನ ಎದುರು ಭೀಮಸೇನರು ಹಾಡಿದರು. 1952ರ ಸೆಪ್ಟೆಂಬರ್ 12ರಂದು ಸವಾಯಿ ಗಂಧರ್ವರು ಪುಣೆಯಲ್ಲಿ ಕಣ್ಮುಚ್ಚಿದರು. ಮರುವರ್ಷ ಭೀಮಸೇನರು ಮತ್ತಿತರ ಶಿಷ್ಯರು ಪುಣೆಯಲ್ಲಿ ಆರಂಭಿಸಿದ ಪುಣ್ಯಸ್ಮರಣೆಯು ಇಂದು ದೇಶದ ಅತಿ ದೊಡ್ಡ ಸಂಗೀತೋತ್ಸವಗಳಲ್ಲೊಂದು. ಕುಂದಗೋಳದಲ್ಲಿ ನಡೆಯುವ ಸ್ಮರಣೆ ಸಣ್ಣದು, ಆದರೆ ಅದೇ ನಾಡಿಗೇರ ವಾಡೆಯಲ್ಲಿ, ಅಹೋರಾತ್ರಿ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಅಲ್ಲಿ ಜಮಖಾನೆಯ ಮೇಲೆ ಕುಳಿತು, ನಸುಕಿನಲ್ಲಿ ಗಂಗೂಬಾಯಿಯವರ ಹಾಡು ಕೇಳಿದ್ದೇನೆ. ನನ್ನ ಪಕ್ಕದಲ್ಲಿ ಕುಳಿತ ರೈತರೊಬ್ಬರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. ರಾಗದ ಹೆಸರು ಯಾವುದೆಂದು ಕೇಳಿದೆ. "ಹೆಸರು ತಗೊಂಡು ಏನ್ ಮಾಡ್ತೀರಿ ಮಾಸ್ತರ, ಸುಮ್ನ ಕೇಳ್ರಿ" ಎಂದರು.

ಈಗ ಆ ಕೊನೆಯ ಮಾತು. ಅದೇ ವರ್ಷಗಳಲ್ಲಿ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಜಾತ್ರೆಯ ನಾಟಕದಲ್ಲಿ ಪಾತ್ರ ಮಾಡಿ, ಹಾಡಿ, ಮರುದಿನ ತರಗತಿಯಲ್ಲಿ ತೂಕಡಿಸುತ್ತಿದ್ದ. ಎಲ್ಲರೆದುರು ನಿಲ್ಲಿಸಿ, ನಾಟಕ ಹೊಟ್ಟೆಗೆ ಹಿಟ್ಟು ಕೊಡುವುದಿಲ್ಲವೆಂದು ಬೈದೆ; ಅವನ ತಂದೆಯನ್ನು ಕರೆಸಿ ಆಟ ಬಿಡಿಸಿದೆ. ಅವನು ಎಸ್ಸೆಸ್ಸೆಲ್ಸಿ ಪಾಸಾದ, ನೌಕರಿ ಹಿಡಿದ. ಈಚೆಗೆ ಒಂದು ಮದುವೆಯಲ್ಲಿ ಸಿಕ್ಕು ನಮಸ್ಕರಿಸಿದ. "ಈಗಲೂ ಹಾಡುತ್ತೀಯೇನಪ್ಪಾ?" ಎಂದೆ. "ಇಲ್ಲ ಸರ್, ನೀವು ಹೇಳಿದ ಮ್ಯಾಲ ಬಿಟ್ಟೆ" ಎಂದು ನಕ್ಕ. ಅವನು ಕೃತಜ್ಞತೆಯಿಂದಲೇ ಹೇಳಿದ. ನನಗೆ ಮಾತ್ರ ಊಟ ರುಚಿಸಲಿಲ್ಲ.

ಅವನು ಮತ್ತೊಬ್ಬ ಸವಾಯಿ ಗಂಧರ್ವನಾಗುತ್ತಿದ್ದನೆಂದು ನಾನು ಹೇಳುತ್ತಿಲ್ಲ. ಒಬ್ಬ ಕಾರಕೂನನಿಗೆ ಕೇಳಿಸಿದ್ದು, ಬಿ.ಎಡ್. ಮಾಡಿದ ಮಾಸ್ತರನಿಗೆ ಕೇಳಿಸಲಿಲ್ಲವಲ್ಲ ಎಂಬುದಷ್ಟೇ ನನ್ನ ನೋವು. ನಿಮ್ಮ ಮಕ್ಕಳಲ್ಲಿ ಯಾರಾದರೂ ಗುನುಗುತ್ತ ಓಡಾಡುತ್ತಿದ್ದರೆ, ಬೈಯುವ ಮುನ್ನ ಒಂದು ಕ್ಷಣ ನಿಂತು ಕೇಳಿರಿ. ಸಾಧ್ಯವಾದರೆ ಸೆಪ್ಟೆಂಬರಿನ ಒಂದು ರಾತ್ರಿ ಅವರನ್ನು ಕುಂದಗೋಳಕ್ಕೆ ಕರೆತನ್ನಿರಿ. ನಾನೂ ಜಮಖಾನೆಯ ಒಂದು ಮೂಲೆಯಲ್ಲಿ ಕುಳಿತಿರುತ್ತೇನೆ.