ಬೆಳಕು ಮತ್ತು ಎಲೆಕ್ಟ್ರಾನು: ಒಂದು ಸ್ನಾತಕೋತ್ತರ ವ್ಯಾಸಂಗದ ಪೂರ್ವೇತಿಹಾಸ

ವಿಶ್ವವಿದ್ಯಾನಿಲಯಗಳ ಪಠ್ಯಕ್ರಮದಲ್ಲಿ ಹೊಸ ವಿಷಯವೊಂದು ಕಾಣಿಸಿಕೊಂಡಾಗ ಅದು ನಿನ್ನೆ ಮೊನ್ನೆ ಹುಟ್ಟಿದುದೆಂದು ಭಾವಿಸುವುದು ಸಹಜ. ‘ಫೋಟಾನಿಕ್ಸ್ ಮತ್ತು ನ್ಯಾನೊಎಲೆಕ್ಟ್ರಾನಿಕ್ಸ್’ ಎಂಬ ಜೋಡುಹೆಸರಿನ ಸ್ನಾತಕೋತ್ತರ ವ್ಯಾಸಂಗವನ್ನು ಕುರಿತೂ ಹಲವರ ಅಭಿಪ್ರಾಯ ಹೀಗೆಯೇ ಇದೆ. ಫೋಟಾನಿಕ್ಸ್ ಎಂದರೆ ಬೆಳಕನ್ನು ಹುಟ್ಟಿಸುವ, ಸಾಗಿಸುವ, ಗುರುತಿಸುವ ವಿದ್ಯೆ. ನ್ಯಾನೊಎಲೆಕ್ಟ್ರಾನಿಕ್ಸ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗವನ್ನು ಅಳತೆಗೋಲಾಗಿ ಇಟ್ಟುಕೊಂಡು ಎಲೆಕ್ಟ್ರಾನುಗಳನ್ನು ನಡೆಸುವ ವಿದ್ಯೆ. ಮೊದಲನೆಯದು ಭೌತಶಾಸ್ತ್ರ ವಿಭಾಗದ ಆಶ್ರಯದಲ್ಲಿ ಬೆಳೆಯಿತು. ಎರಡನೆಯದು ಎಂಜಿನಿಯರಿಂಗ್ ಕಾರ್ಯಾಗಾರದಲ್ಲಿ ಬಲಿಯಿತು. ಇವೆರಡೂ ಒಂದೇ ಪದವಿಯ ಹೆಸರಿನಲ್ಲಿ ಹೇಗೆ ಕೂಡಿದವು? ಈ ಕೂಟದಿಂದ ವಿದ್ಯಾರ್ಥಿಗೆ ಸಲ್ಲಬೇಕಾದುದು ಏನು? ಈ ಎರಡು ಪ್ರಶ್ನೆಗಳನ್ನು ಇತಿಹಾಸದ ನೆರವಿನಿಂದ ಪರಿಶೀಲಿಸುವುದು ನಮ್ಮ ಉದ್ದೇಶ.

ಬೆಳಕಿನ ಉನ್ನತ ವ್ಯಾಸಂಗಕ್ಕೆ ಪ್ರತ್ಯೇಕ ಪೀಠಗಳು ಏರ್ಪಟ್ಟುದು ಶುದ್ಧ ಜಿಜ್ಞಾಸೆಯಿಂದಲ್ಲ, ಯುದ್ಧದ ಒತ್ತಡದಿಂದ ಎಂಬುದನ್ನು ಮೊದಲು ಗಮನಿಸಬೇಕು. ೧೯೧೪ಕ್ಕೆ ಮುಂಚೆ ದೂರದರ್ಶಕ, ಸೂಕ್ಷ್ಮದರ್ಶಕಗಳಿಗೆ ಬೇಕಾದ ಉತ್ತಮ ಗಾಜಿಗಾಗಿ ಯೂರೋಪಿನ ರಾಷ್ಟ್ರಗಳು ಬಹುಮಟ್ಟಿಗೆ ಜರ್ಮನಿಯ ಯೇನಾ ನಗರದ ಕಾರ್ಖಾನೆಗಳನ್ನು ಅವಲಂಬಿಸಿದ್ದವು. ಯುದ್ಧವು ಆ ದಾರಿಯನ್ನು ಮುಚ್ಚಿತು. ೧೯೧೭ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ತಾಂತ್ರಿಕ ದೃಗ್ವಿಜ್ಞಾನದ ವಿಭಾಗವೂ ಅದೇ ವರ್ಷ ಪ್ಯಾರಿಸಿನಲ್ಲಿ ದೃಗ್ವಿಜ್ಞಾನ ಸಂಸ್ಥೆಯೂ ಸ್ಥಾಪಿತವಾದವು. ಅಮೆರಿಕದಲ್ಲಿ ೧೯೨೯ರಲ್ಲಿ ಇಂತಹ ಸಂಸ್ಥೆಯೊಂದು ಆರಂಭವಾದುದು ರಾಚೆಸ್ಟರಿನಲ್ಲಿ. ಛಾಯಾಗ್ರಹಣದ ಸಾಮಗ್ರಿಗೂ ಮಸೂರಗಳಿಗೂ ಹೆಸರಾದ ಊರು ಅದು. ಗಾಜನ್ನು ಉಜ್ಜುವ ಕೈಗಳಿದ್ದ ಕಡೆಯಲ್ಲಿಯೇ ಗಾಜಿನ ಶಾಸ್ತ್ರಕ್ಕೆ ಪೀಠ ದೊರೆಯಿತೆನ್ನುವುದು ಆಕಸ್ಮಿಕವಲ್ಲ. ಪದವಿಗಿಂತ ಕಾರ್ಯಾಗಾರ ಮೊದಲು ಎಂಬ ಈ ಕ್ರಮವನ್ನು ಮುಂದೆಯೂ ಕಾಣುತ್ತೇವೆ.

ನಮ್ಮ ದೇಶದಲ್ಲಿ ಬೆಳಕಿನ ಅಧ್ಯಯನವು ಬೇರೊಂದು ಹಾದಿ ಹಿಡಿಯಿತು. ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಸಿ. ವಿ. ರಾಮನ್ನರು ಕೆ. ಎಸ್. ಕೃಷ್ಣನ್ನರೊಡನೆ ಕಂಡ ಪರಿಣಾಮಕ್ಕೆ ಮೊದಮೊದಲು ಬೇಕಾದುದು ಸೂರ್ಯನ ಬೆಳಕು, ಬಣ್ಣದ ಶೋಧಕಗಳು ಮತ್ತು ಚೆನ್ನಾಗಿ ಶುದ್ಧಗೊಳಿಸಿದ ದ್ರವಗಳು ಮಾತ್ರ. ೧೯೩೩ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದಾಗ ಅಲ್ಲಿ ಭೌತಶಾಸ್ತ್ರ ವಿಭಾಗವು ಆರಂಭವಾಯಿತು. ೧೯೪೮ರಲ್ಲಿ ಅವರ ಹೆಸರಿನ ಸಂಶೋಧನ ಸಂಸ್ಥೆ ತಲೆಯೆತ್ತಿತು. ಈ ಸಂಸ್ಥೆಯಲ್ಲಿದ್ದ ಅವರ ಸೋದರಳಿಯ ಎಸ್. ಪಂಚರತ್ನಂ ೧೯೫೬ರಲ್ಲಿ, ತಮ್ಮ ಇಪ್ಪತ್ತೆರಡನೆಯ ವಯಸ್ಸಿನಲ್ಲಿ, ಧ್ರುವೀಕೃತ ಕಿರಣಗಳ ಹಂತವನ್ನು ಕುರಿತು ಬರೆದ ಪ್ರಬಂಧದ ಬೆಲೆ ಆಗ ಹೆಚ್ಚು ಜನಕ್ಕೆ ತಿಳಿಯಲಿಲ್ಲ. ೧೯೮೪ರಲ್ಲಿ ಮೈಕೇಲ್ ಬೆರಿಯವರು ಕ್ವಾಂಟಮ್ ಶಾಸ್ತ್ರದಲ್ಲಿ ಇಂಥದೇ ತತ್ತ್ವವನ್ನು ನಿರೂಪಿಸಿದ ಮೇಲೆ ಪಂಚರತ್ನಂ ಅವರ ಮುಂಗಾಣ್ಕೆ ಜಗತ್ತಿಗೆ ಗೋಚರವಾಯಿತು. ಅವರು ೧೯೬೯ರಲ್ಲಿಯೇ ತೀರಿಕೊಂಡಿದ್ದರು.

ಈ ಪರಂಪರೆಯ ಒಂದು ಕವಲು ಮೈಸೂರಿಗೂ ಬಂದಿತು. ೧೯೬೧ರಲ್ಲಿ ಎಸ್. ಚಂದ್ರಶೇಖರ್ ಅವರು ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಪಂಚರತ್ನಂ ಅವರೂ ಕೆಲವು ವರ್ಷ ಅಲ್ಲಿ ಅಧ್ಯಾಪಕರಾಗಿದ್ದರು. ಚಂದ್ರಶೇಖರ್ ಮತ್ತು ಅವರ ಸಂಗಡಿಗರು ೧೯೭೭ರಲ್ಲಿ ಬೆಂಗಳೂರಿನಲ್ಲಿ ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕಗಳನ್ನು ಕಂಡುಹಿಡಿದರು. ೧೯೯೧ರಲ್ಲಿ ಅವರು ಸ್ಥಾಪಿಸಿದ ದ್ರವಸ್ಫಟಿಕ ಸಂಶೋಧನ ಕೇಂದ್ರವು ಮುಂದೆ ನ್ಯಾನೊ ಮತ್ತು ಮೃದುದ್ರವ್ಯ ವಿಜ್ಞಾನಗಳ ಕೇಂದ್ರವೆಂಬ ಹೆಸರನ್ನು ತಳೆಯಿತು. ಬೆಳಕಿನಿಂದ ಹೊರಟವರು ನ್ಯಾನೊ ಪ್ರಮಾಣಕ್ಕೆ ಬಂದು ಸೇರಿದ ಬಗೆಗೆ ಈ ಹೆಸರೇ ಸಾಕ್ಷಿ.

ಎಲೆಕ್ಟ್ರಾನಿನ ಕಥೆ ಹೀಗಲ್ಲ. ೧೯೪೭ರ ಡಿಸೆಂಬರಿನಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾರ್ಡೀನ್ ಮತ್ತು ಬ್ರಾಟೈನ್ ಅವರು ಜರ್ಮೇನಿಯಮ್ಮಿನ ತುಂಡಿನಿಂದ ಟ್ರಾನ್ಸಿಸ್ಟರನ್ನು ನಿರ್ಮಿಸಿದರು. ಹನ್ನೊಂದು ವರ್ಷಗಳ ತರುವಾಯ, ೧೯೫೮ರಲ್ಲಿ, ಜ್ಯಾಕ್ ಕಿಲ್ಬಿಯವರು ಮಂಡಲದ ಅಂಗಗಳನ್ನೆಲ್ಲ ಒಂದೇ ಅರೆವಾಹಕದ ಬಿಲ್ಲೆಯ ಮೇಲೆ ಅಳವಡಿಸಬಹುದೆಂದು ತೋರಿಸಿದರು. ಅಲ್ಲಿಂದ ಮುಂದಿನದು ಅಳತೆ ಕುಗ್ಗುತ್ತಾ ಹೋದ ಇತಿಹಾಸ. ಅಂಗಗಳು ಕಿರಿದಾದಷ್ಟೂ ಅವನ್ನು ಮಾಡುವ ಮನೆ ಹಿರಿದಾಯಿತು. ಮನುಷ್ಯನ ತಲೆಗೂದಲಿನ ದಪ್ಪ ಸುಮಾರು ೮೦ ಸಾವಿರ ನ್ಯಾನೊಮೀಟರು. ಕೆಲವೇ ಹತ್ತು ನ್ಯಾನೊಮೀಟರಿನ ರಚನೆಗೆ ಒಂದು ಧೂಳಿನ ಕಣವೆಂದರೆ ಗದ್ದೆಯ ಮೇಲೆ ಉರುಳಿಬಿದ್ದ ಬೆಟ್ಟ. ಆದ್ದರಿಂದ ಗಾಳಿಯನ್ನು ಸೋಸಿದ ಕೊಠಡಿ, ಅತಿಶುದ್ಧ ನೀರು, ನಿರ್ವಾತ ಯಂತ್ರಗಳು ಅನಿವಾರ್ಯವಾದವು. ರಾಮನ್ನರ ಕಾಲದ ವಿದ್ಯಾರ್ಥಿಯು ಕಿಟಕಿಯಿಂದ ಬರುವ ಬಿಸಿಲನ್ನೇ ಉಪಕರಣವನ್ನಾಗಿ ಮಾಡಿಕೊಳ್ಳಬಹುದಾಗಿತ್ತು. ಅರೆವಾಹಕದ ವಿದ್ಯಾರ್ಥಿಗೆ ಆ ಕಿಟಕಿಯನ್ನು ಮುಚ್ಚುವುದೇ ಮೊದಲ ಪಾಠ.

ಭಿನ್ನ ಸ್ವಭಾವದ ಈ ಎರಡು ಪರಂಪರೆಗಳು ಕೂಡಿದುದು ೧೯೬೦ರ ದಶಕದಲ್ಲಿ. ೧೯೬೦ರ ಮೇ ತಿಂಗಳಲ್ಲಿ ಥಿಯೊಡೋರ್ ಮೇಮನ್ನರು ಮಾಣಿಕ್ಯದ ಕಡ್ಡಿಯಿಂದ ಪ್ರಪ್ರಥಮ ಲೇಸರನ್ನು ಬೆಳಗಿಸಿದರು. ೧೯೬೨ರಲ್ಲಿ ಅರೆವಾಹಕದಿಂದಲೇ ಲೇಸರು ಹೊಮ್ಮಿತು. ಆದರೆ ಅದನ್ನು ಬಹಳ ತಣ್ಣಗಿಟ್ಟು, ಕ್ಷಣಮಾತ್ರ ಮಿನುಗಿಸಬೇಕಾಗಿತ್ತು. ೧೯೬೩ರಲ್ಲಿ ಹರ್ಬರ್ಟ್ ಕ್ರೋಮರ್ ಅವರೂ ಸೋವಿಯತ್ ಒಕ್ಕೂಟದಲ್ಲಿ ಝೋರೆಸ್ ಅಲ್ಫೆರೋವ್ ಅವರೂ ಬೇರೆಬೇರೆಯಾಗಿ ಒಂದೇ ಉಪಾಯವನ್ನು ಸೂಚಿಸಿದರು: ಭಿನ್ನ ಅರೆವಾಹಕಗಳ ತೆಳುಪದರಗಳನ್ನು ಒಂದರ ಮೇಲೊಂದು ಬೆಳೆಸಿ, ಎಲೆಕ್ಟ್ರಾನುಗಳನ್ನೂ ಬೆಳಕನ್ನೂ ನಡುವಣ ಪದರದಲ್ಲಿ ಸೆರೆಹಿಡಿಯುವುದು. ಇಂಥ ಸಾಧನಕ್ಕೆ ವ್ಯಾವಹಾರಿಕ ಉಪಯೋಗವಿರಲಾರದೆಂಬ ಕಾರಣದಿಂದ ಕ್ರೋಮರ್ ಅವರಿಗೆ ಅದನ್ನು ನಿರ್ಮಿಸಲು ಬೇಕಾದ ನೆರವು ದೊರೆಯಲಿಲ್ಲ. ೧೯೭೦ರಲ್ಲಿ ಅಂತಹ ಲೇಸರು ಸಾಮಾನ್ಯ ಉಷ್ಣತೆಯಲ್ಲಿ ಎಡೆಬಿಡದೆ ಬೆಳಗಿತು. ಅದೇ ವರ್ಷ ಅಮೆರಿಕದ ಕಾರ್ನಿಂಗ್ ಸಂಸ್ಥೆಯವರು, ಚಾರ್ಲ್ಸ್ ಕಾವೋ ಅವರು ೧೯೬೬ರಲ್ಲಿ ಸಾಧ್ಯವೆಂದು ಸಾರಿದ್ದ ಮಟ್ಟದ ಸ್ವಚ್ಛ ಗಾಜಿನೆಳೆಯನ್ನು ಎಳೆದರು. ಬೆಳಕಿಗೆ ಮೂಲವೂ ದೊರೆಯಿತು, ದಾರಿಯೂ ದೊರೆಯಿತು. ಸುದ್ದಿಯನ್ನು ಬೆಳಕು ಹೊರುವುದು, ಲೆಕ್ಕವನ್ನು ಎಲೆಕ್ಟ್ರಾನು ಮಾಡುವುದು ಎಂಬ ಇಂದಿನ ಕಾರ್ಯವಿಭಾಗಕ್ಕೆ ಅಡಿಗಲ್ಲು ಬಿದ್ದುದು ಅಂದು. ೨೦೦೦ದ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಅಲ್ಫೆರೋವ್, ಕ್ರೋಮರ್, ಕಿಲ್ಬಿ ಈ ಮೂವರಿಗೆ ಹಂಚಿದರು. ಪದರಗಳ ಲೇಸರೂ ಸಿಲಿಕಾನಿನ ಬಿಲ್ಲೆಯೂ ಒಂದೇ ವೇದಿಕೆಯಲ್ಲಿ ಮನ್ನಣೆ ಪಡೆದ ಆ ಘಟನೆಯನ್ನು ನಮ್ಮ ಜೋಡುಹೆಸರಿನ ವ್ಯಾಸಂಗಕ್ಕೆ ದೊರೆತ ಮುದ್ರೆಯೆಂದೇ ತಿಳಿಯಬಹುದು.

ಆದರೆ ಕೂಟವು ಪೂರ್ಣವಾಗಲು ಒಂದು ತೊಡಕಿತ್ತು. ಎಲೆಕ್ಟ್ರಾನಿಕ್ಸಿಗೆ ಪ್ರಿಯವಾದ ಸಿಲಿಕಾನು ಬೆಳಕನ್ನು ಹೊಮ್ಮಿಸುವುದರಲ್ಲಿ ಬಲು ಜಿಪುಣ. ಬೆಳಕು ಬೇಕಾದರೆ ಗ್ಯಾಲಿಯಮ್ ಆರ್ಸೆನೈಡಿನಂತಹ ಬೇರೆ ದ್ರವ್ಯದ ಮೊರೆಹೋಗಬೇಕು. ೨೦೦೪ರಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಬೋಯ್ರಾಜ್ ಮತ್ತು ಜಲಾಲಿ ಅವರು ಸಿಲಿಕಾನಿನಲ್ಲಿಯೇ ಲೇಸರನ್ನು ಸಾಧಿಸಿದರು. ೨೦೦೫ರಲ್ಲಿ ಇಂಟೆಲ್ ಸಂಸ್ಥೆಯವರು ಅದನ್ನು ಎಡೆಬಿಡದೆ ಬೆಳಗುವಂತೆ ಮಾಡಿದರು. ಇವೆರಡಕ್ಕೂ ಆಧಾರ ರಾಮನ್ ಪರಿಣಾಮ. ಹೊರಗಿನ ಲೇಸರೊಂದರಿಂದ ಬೆಳಕನ್ನು ಉಣಿಸಬೇಕಾದ ಕೊರತೆ ಇವಕ್ಕೆ ಇದ್ದೇ ಇದೆ. ಆದರೂ ೧೯೨೮ರಲ್ಲಿ ಬಿಸಿಲಿನಿಂದ ಕಂಡ ಸತ್ಯವೊಂದು ಎಪ್ಪತ್ತಾರು ವರ್ಷಗಳ ಮೇಲೆ ಸಿಲಿಕಾನಿನ ಬಿಲ್ಲೆಯಲ್ಲಿ ಫಲಿಸಿತೆಂಬುದು ಸಾಮಾನ್ಯ ಸಂಗತಿಯಲ್ಲ. ಮೂಲತತ್ತ್ವದ ಪಾಠಗಳನ್ನು ಹಳತೆಂದು ಬದಿಗೊತ್ತಬಯಸುವವರು ಇದನ್ನು ಮನಗಾಣಬೇಕು.

ಇನ್ನು ನಮ್ಮ ದೇಶದಲ್ಲಿ ಈ ವ್ಯಾಸಂಗದ ಸ್ಥಿತಿಯನ್ನು ನೋಡೋಣ. ಕೇಂದ್ರ ಸರ್ಕಾರವು ಮೊಹಾಲಿಯಲ್ಲಿ ಸ್ಥಾಪಿಸಿದ ಅರೆವಾಹಕ ಕಾರ್ಖಾನೆಯು ೧೯೮೪ರಲ್ಲಿ ಉತ್ಪಾದನೆಗೆ ತೊಡಗಿತು. ೧೯೮೯ರ ಫೆಬ್ರವರಿಯಲ್ಲಿ ಅದು ಬೆಂಕಿಗೆ ತುತ್ತಾಗಿ, ಮತ್ತೆ ಚೇತರಿಸಿಕೊಳ್ಳಲು ಹಲವು ವರ್ಷ ಹಿಡಿಯಿತು. ಜಗತ್ತಿನ ಅಳತೆಗೋಲು ವರ್ಷವರ್ಷಕ್ಕೂ ಕಿರಿದಾಗುತ್ತಿದ್ದ ಕಾಲದಲ್ಲಿ ಆದ ಈ ಹಾನಿಯು ಕಟ್ಟಡಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಕೈ ಪಳಗಿದ ಒಂದು ತಲೆಮಾರಿನ ಬೆಳವಣಿಗೆಯೂ ಅಲ್ಲಿ ಕುಂಠಿತವಾಯಿತು. ಕೊಚ್ಚಿಯ ವಿಶ್ವವಿದ್ಯಾನಿಲಯದಲ್ಲಿ ೧೯೯೫ರಲ್ಲಿ ಫೋಟಾನಿಕ್ಸಿನ ಪ್ರತ್ಯೇಕ ಶಾಲೆಯೊಂದು ಹುಟ್ಟಿತು. ದೆಹಲಿಯ ಐ.ಐ.ಟಿ.ಯಲ್ಲಿ ಭೌತಶಾಸ್ತ್ರ ಮತ್ತು ವಿದ್ಯುತ್ ಎಂಜಿನಿಯರಿಂಗ್ ವಿಭಾಗಗಳು ಕೂಡಿ ಒಂದು ಎಂ.ಟೆಕ್. ಪದವಿಯನ್ನು ನಡೆಸುವ ಪದ್ಧತಿ ರೂಢಿಗೆ ಬಂದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರವು ೨೦೧೦ರಲ್ಲಿ ಸ್ಥಾಪಿತವಾಯಿತು. ಅದಕ್ಕೂ ಮುಂಚೆ, ೨೦೦೮ರಲ್ಲಿ, ಈ ಸಂಸ್ಥೆಯ ಮತ್ತು ಬೊಂಬಾಯಿಯ ಐ.ಐ.ಟಿ.ಯ ಉಪಕರಣಗಳನ್ನು ಹೊರಗಿನ ಕಾಲೇಜುಗಳವರೂ ಬಳಸಲು ಅವಕಾಶ ಮಾಡಿಕೊಡುವ ಯೋಜನೆಯೊಂದು ಆರಂಭವಾಗಿತ್ತು. ನಮ್ಮ ದೃಷ್ಟಿಯಲ್ಲಿ, ಜಿಲ್ಲೆಯ ಕಾಲೇಜುಗಳ ಪಾಲಿಗೆ ಇವೆಲ್ಲಕ್ಕಿಂತ ಹೆಚ್ಚಿನ ಅರ್ಥವುಳ್ಳದ್ದು ಈ ಕೊನೆಯ ಏರ್ಪಾಡು.

ಇಲ್ಲಿ ಎರಡು ಆಕ್ಷೇಪಗಳನ್ನು ಎದುರಿಸಬೇಕು. ಭೌತಶಾಸ್ತ್ರದ ಎಂ.ಎಸ್‌ಸಿ.ಯೂ ಎಲೆಕ್ಟ್ರಾನಿಕ್ಸಿನ ಎಂ.ಇ.ಯೂ ಇರುವಾಗ ಮೂರನೆಯ ಪದವಿ ಏಕೆಂಬುದು ಒಂದು. ಹೆಸರು ಮಾತ್ರ ಹೊಸದಾಗಿ ಪಾಠಗಳು ಹಳೆಯವೇ ಆಗಿದ್ದರೆ ಈ ಆಕ್ಷೇಪ ನ್ಯಾಯವಾದುದೇ. ಆದರೆ ಪದರಗಳ ಲೇಸರನ್ನು ಅರಿಯಲು ಕ್ವಾಂಟಮ್ ಶಾಸ್ತ್ರ, ದ್ರವ್ಯವನ್ನು ಬೆಳೆಸುವ ಕ್ರಮ, ಮಂಡಲದ ವಿನ್ಯಾಸ ಈ ಮೂರೂ ಒಬ್ಬನ ತಲೆಯಲ್ಲಿ ಕೂಡಬೇಕು. ಮೂರು ಕಟ್ಟಡಗಳಲ್ಲಿ ಮೂವರಿಗೆ ಹೇಳಿದ ಪಾಠಗಳು ತಾವಾಗಿ ಕೂಡವು. ಎರಡನೆಯದು ವೆಚ್ಚದ ಆಕ್ಷೇಪ. ಧೂಳಿಲ್ಲದ ಕೊಠಡಿಯನ್ನು ಕಟ್ಟುವುದಷ್ಟೇ ಅಲ್ಲ, ಹಗಲಿರುಳು ಅದರ ಗಾಳಿಯನ್ನು ಸೋಸುತ್ತಿರುವುದೂ ದುಬಾರಿ. ಈ ಮಾತು ನಿಜ. ಆದರೆ ಊರಿಗೊಂದು ಕೊಠಡಿ ಬೇಕೆಂದು ಯಾರೂ ಹೇಳುತ್ತಿಲ್ಲ. ಗಾಜಿನೆಳೆ, ಲೇಸರ್ ಡಯೋಡು, ಬೆಳಕಿನ ಗ್ರಾಹಕ, ಧ್ರುವಕ ಇಷ್ಟರಿಂದ ಬೆಳಕಿನ ಪ್ರಯೋಗಗಳ ಒಂದು ಒಳ್ಳೆಯ ಭಾಗವನ್ನು ಸಾಧಾರಣ ಕಾಲೇಜಿನಲ್ಲಿಯೇ ನಡೆಸಬಹುದು; ಸೂಕ್ಷ್ಮ ನಿರ್ಮಾಣದ ಭಾಗಕ್ಕೆ ವಿದ್ಯಾರ್ಥಿಯನ್ನು ಕೆಲವು ವಾರ ರಾಷ್ಟ್ರೀಯ ಕೇಂದ್ರಕ್ಕೆ ಕಳುಹಿಸಬಹುದು.

೨೦೨೧ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರವು ಅರೆವಾಹಕ ಉದ್ಯಮಕ್ಕಾಗಿ ೭೬,೦೦೦ ಕೋಟಿ ರೂಪಾಯಿಗಳ ಯೋಜನೆಯನ್ನು ಅಂಗೀಕರಿಸಿತು. ಹಣ ಹರಿದ ಕಡೆಗೆ ಪದವಿಗಳೂ ಹರಿಯುವುದು ಲೋಕರೂಢಿ; ಅಂದಮೇಲೆ ಜೋಡುಹೆಸರಿನ ಪದವಿಗಳು ಹೆಚ್ಚುವುದರಲ್ಲಿ ಸಂದೇಹವಿಲ್ಲ. ಮನೆಯ ಹೊಲವನ್ನು ಅಡವಿಟ್ಟು ಓದಲು ಬರುವ ವಿದ್ಯಾರ್ಥಿಗೆ ಅವುಗಳಲ್ಲಿ ಗಟ್ಟಿ ಯಾವುದು, ಜೊಳ್ಳು ಯಾವುದು ಎಂದು ತಿಳಿಸುವ ಹೊಣೆ ಅವನ ಅಧ್ಯಾಪಕರದು. ಇತಿಹಾಸವು ಅದಕ್ಕೊಂದು ಒರೆಗಲ್ಲನ್ನು ಕೊಟ್ಟಿದೆ. ಪಠ್ಯವಿಷಯಗಳ ಪಟ್ಟಿಯನ್ನು ಓದುವುದಕ್ಕೆ ಮುಂಚೆ ಮೂರು ಮಾತುಗಳನ್ನು ಕೇಳಬೇಕು: ವಿದ್ಯಾರ್ಥಿಯು ತನ್ನ ಕೈಯಾರೆ ಒಂದು ಸಾಧನವನ್ನು ನಿರ್ಮಿಸಿ ಅಳೆಯುವನೇ? ಎರಡು ವಿಭಾಗಗಳ ಅಧ್ಯಾಪಕರು ಅವನ ಪ್ರಬಂಧವನ್ನು ಕೂಡಿ ನೋಡುವರೇ? ಮೂಲತತ್ತ್ವಗಳಿಗೆ ಮೊದಲ ವರ್ಷದಲ್ಲಿ ಸಾಕಷ್ಟು ಕಾಲ ಮೀಸಲಾಗಿದೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಬಂದ ಕಡೆಯಲ್ಲಿ ಜೋಡುಹೆಸರು ಸಾರ್ಥಕ. ಬಾರದ ಕಡೆಯಲ್ಲಿ ಹಳೆಯ ಎಂ.ಎಸ್‌ಸಿ. ಪದವಿಯನ್ನೇ ಚೆನ್ನಾಗಿ ಓದುವುದು ಲೇಸೆಂದು ಹೇಳಲು ನಾವು ಹಿಂಜರಿಯಬೇಕಾಗಿಲ್ಲ.